ಇನ್ನೂರು ನಿಮಿಷದ ಲೆಕ್ಕ: ಯುಕಾನ್ 2023-24ರ ಲೈನಪ್ ಊಹೆ, ಒಂದು ಪ್ರಕರಣ ಅಧ್ಯಯನ

ಏಪ್ರಿಲ್ 3, 2023ರಂದು ಹ್ಯೂಸ್ಟನ್‌ನಲ್ಲಿ ಯೂನಿವರ್ಸಿಟಿ ಆಫ್ ಕನೆಕ್ಟಿಕಟ್, ಅಂದ್ರೆ ಎಲ್ರೂ ಕರೆಯೋ ಯುಕಾನ್, ಸ್ಯಾನ್ ಡಿಯಾಗೋ ಸ್ಟೇಟ್ ಟೀಮನ್ನ 76-59ಕ್ಕೆ ಹೊಡೆದು ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್ ಚಾಂಪಿಯನ್ ಆಯ್ತು. ಟೂರ್ನಿಯಲ್ಲಿ ಆಡಿದ್ದು ಆರು ಪಂದ್ಯ, ಆರನ್ನೂ ಗೆದ್ದಿದ್ದು ಹತ್ತಕ್ಕಿಂತ ಜಾಸ್ತಿ ಪಾಯಿಂಟ್ ಅಂತರದಲ್ಲಿ. ಆ ಸಂಭ್ರಮ ಮುಗಿದು ಎರಡು ತಿಂಗಳು ಕಳೆಯೋಷ್ಟರಲ್ಲಿ ನೋಡಿದ್ರೆ ಸ್ಟಾರ್ಟಿಂಗ್ ಫೈವ್‌ನಲ್ಲಿ ಮೂರು ಜನ ಗಂಟುಮೂಟೆ ಕಟ್ಟಾಗಿತ್ತು. ಸೆಂಟರ್ ಅಡಾಮಾ ಸನೋಗೊ, ಶೂಟರ್ ಜೋರ್ಡನ್ ಹಾಕಿನ್ಸ್, ಎಲ್ಲಾ ಕೆಲಸಕ್ಕೂ ಸೈ ಅನ್ನಿಸ್ಕೊಂಡಿದ್ದ ಆಂಡ್ರೆ ಜಾಕ್ಸನ್. ಜೊತೆಗೆ ಬೆಂಚಿಂದ ಬಂದು ತ್ರೀ (ದೂರದಿಂದ ಎಸೆಯೋ ಮೂರು ಪಾಯಿಂಟಿನ ಶಾಟ್) ಹಾಕ್ತಿದ್ದ ಜೋಯಿ ಕ್ಯಾಲ್ಕಟೆರಾಗೆ ಕಾಲೇಜಲ್ಲಿ ಆಡೋ ವರ್ಷಗಳೇ ಮುಗಿದಿದ್ವು, ನಹೀಮ್ ಅಲೀನ್ ಸೇಂಟ್ ಜಾನ್ಸ್‌ಗೆ ಹೋದ.

ಮುಂದಿನ ವರ್ಷ ಇದೇ ಟೀಮು 37 ಗೆದ್ದು ಮೂರೇ ಮೂರು ಸೋತು ಮತ್ತೆ ಚಾಂಪಿಯನ್ ಆಯ್ತು, ಅದು ಎಲ್ಲರಿಗೂ ಗೊತ್ತಿರೋ ಕಥೆ. ನನಗೆ ಇಲ್ಲಿ ಬೇಕಿರೋದು ಅದಲ್ಲ. ಜೂನ್ 2023ರಲ್ಲಿ ಕೂತ್ಕೊಂಡು, ಆಗ ಗೊತ್ತಿದ್ದಷ್ಟೇ ಮಾಹಿತಿ ಇಟ್ಕೊಂಡು, ಯಾರು ಸ್ಟಾರ್ಟ್ ಮಾಡ್ತಾರೆ, ಯಾರಿಗೆ ಎಷ್ಟು ನಿಮಿಷ, ಬೆಂಚಲ್ಲಿ ಎಷ್ಟು ಜನ ಅಂತ ಹೇಳೋಕೆ ಆಗ್ತಿತ್ತಾ, ಆಗ್ತಿತ್ತು ಅಂದ್ರೆ ಯಾವ ದಾರಿಯಲ್ಲಿ, ಎಲ್ಲಿ ಕೈಕೊಡ್ತಿತ್ತು, ಇಷ್ಟೇ ಈ ಪ್ರಕರಣ. ಯಾಕೆ ಇದೇ ಟೀಮು ಅಂದ್ರೆ ಇಲ್ಲಿ ಹೋದವರು, ಉಳಿದವರು, ಬೇರೆ ಕಾಲೇಜಿಂದ ಬಂದವರು, ಹೈಸ್ಕೂಲಿಂದ ಬಂದವರು, ನಾಲ್ಕೂ ಬಗೆಯವರು ಸರಿಯಾದ ಪ್ರಮಾಣದಲ್ಲಿ ಇದ್ದಾರೆ. ಪೂರ್ತಿ ಹೊಸ ಟೀಮ್ ಆದ್ರೆ ಊಹೆ ಅನ್ನೋದು ಲಾಟರಿ, ಪೂರ್ತಿ ಹಳೇ ಟೀಮ್ ಆದ್ರೆ ಊಹಿಸೋಕೆ ಏನೂ ಇರಲ್ಲ.

ಕಾಲೇಜ್ ಬಾಸ್ಕೆಟ್‌ಬಾಲ್ ಅಷ್ಟಾಗಿ ಫಾಲೋ ಮಾಡದವರಿಗೆ ಒಂದು ಮಾತು. 2021ರಿಂದ ಆಟಗಾರ ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಹೋಗಿ ಒಂದು ವರ್ಷ ಕಾಯದೇ ತಕ್ಷಣ ಆಡಬಹುದು ಅಂತ ಆಯ್ತು, ಅದೇ ವರ್ಷ ಜುಲೈಯಿಂದ ಹೆಸರು-ಫೋಟೋ ಮೇಲೆ ದುಡ್ಡು ಮಾಡ್ಕೊಳೋಕೂ ಅವಕಾಶ ಸಿಕ್ತು. ಅದರ ಮೇಲೆ ಆಗ ಕೋವಿಡ್‌ನಿಂದ ಸಿಕ್ಕ ಎಕ್ಸ್ಟ್ರಾ ಒಂದು ವರ್ಷನೂ ಇತ್ತು. ಹಾಗಾಗಿ ಪ್ರತಿ ಏಪ್ರಿಲ್-ಮೇ ಅಂದ್ರೆ ಐಪಿಎಲ್ ಮೆಗಾ ಆಕ್ಷನ್ ಮುಂಚಿನ ರಿಟೆನ್ಷನ್ ಲಿಸ್ಟ್ ತರಾನೇ, ಯಾರು ಉಳಿತಾರೆ ಯಾರು ಹೋಗ್ತಾರೆ ಅಂತ ಫ್ಯಾನ್ಸ್ ಫೋನ್ ಹಿಡ್ಕೊಂಡು ಕೂತಿರ್ತಾರೆ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ರಿಟೇನ್ ಮಾಡೋದು ಟೀಮಲ್ಲ, ಉಳೀಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ಆಟಗಾರನೇ.

ಈಗ ಲೆಕ್ಕಕ್ಕೆ ಬರೋಣ. ಗಂಡಸರ ಕಾಲೇಜ್ ಪಂದ್ಯ 40 ನಿಮಿಷ, ಅಂಗಳದಲ್ಲಿ ಐದು ಜನ, ಅಂದ್ರೆ ಕೋಚ್ ಹತ್ರ ಹಂಚೋಕೆ ಇರೋದು 200 ನಿಮಿಷ. ಒಂದು ನಿಮಿಷ ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ನೀವು ಬರೆದ ಊಹೆಯಲ್ಲಿ ಎಲ್ಲರ ನಿಮಿಷ ಕೂಡಿಸಿದ್ರೆ 235 ಬಂತು ಅಂದ್ರೆ ನೀವು ಊಹೆ ಮಾಡಿಲ್ಲ, ಆಸೆ ಬರ್ದಿದೀರ ಅಷ್ಟೇ. ಫ್ಯಾನ್ಸ್ ಮಾಡೋ ಪ್ರೊಜೆಕ್ಷನ್‌ಗಳಲ್ಲಿ ಮುಕ್ಕಾಲು ಪಾಲು ಬೀಳೋದು ಇಲ್ಲೇ, ಹೊಸಬನಿಗೆ 25 ಕೊಡ್ತಾರೆ, ಹಳಬನಿಗೆ 30 ಕೊಡ್ತಾರೆ, ಇನ್ನೊಬ್ಬ ಪಾಪ ಚೆನ್ನಾಗಿದಾನೆ ಅಂತ ಅವನಿಗೂ 18, ಕೊನೆಗೆ ಆರು ಜನ ಅಂಗಳದಲ್ಲಿ ನಿಂತಿರ್ತಾರೆ.

ಯುಕಾನ್ ವಿಷಯದಲ್ಲಿ ಸನೋಗೊ ಆಡ್ತಿದ್ದಿದ್ದು 26-27 ನಿಮಿಷ, ಹಾಕಿನ್ಸ್ ಮತ್ತೆ ಜಾಕ್ಸನ್ ಒಬ್ಬೊಬ್ಬರು ಹೆಚ್ಚುಕಮ್ಮಿ 29. ಬೆಂಚಿನ ಕ್ಯಾಲ್ಕಟೆರಾ, ಅಲೀನ್ ಇಬ್ಬರದ್ದೂ ಸೇರಿಸಿದ್ರೆ ಖಾಲಿಯಾದ ನಿಮಿಷ ನೂರು ದಾಟುತ್ತೆ. ಅಂದ್ರೆ 200ರಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಖಾಲಿ. ಪಾಯಿಂಟ್ ಲೆಕ್ಕದಲ್ಲಿ ಸನೋಗೊ 17.2, ಹಾಕಿನ್ಸ್ 16.2, ಜಾಕ್ಸನ್ 6.7, ಮೂವರದ್ದೂ ಸೇರಿ 40.1. ಈ 40.1 ಅನ್ನೋ ನಂಬರ್ ಸ್ವಲ್ಪ ನೆನಪಿಟ್ಕೊಳಿ.

ಆದ್ರೆ ಬರೀ ನಿಮಿಷ, ಪಾಯಿಂಟ್ ಖಾಲಿಯಾಗಿದೆ ಅಂತ ನೋಡಿದ್ರೆ ಸಾಲದು, ಯಾವ ಕೆಲಸ ಖಾಲಿಯಾಗಿದೆ ಅಂತ ನೋಡಬೇಕು. ನನ್ನ ಪ್ರಕಾರ ಈ ಇಡೀ ಆಟದಲ್ಲಿ ಕೀಲಿಕೈ ಅದೊಂದೇ. ಹಾಕಿನ್ಸ್ ಮಾಡ್ತಿದ್ದ ಕೆಲಸ ಏನು? ಬಾಲ್ ಕೈಯಲ್ಲಿ ಇಟ್ಕೊಂಡು ಡ್ರಿಬಲ್ ಮಾಡೋದಲ್ಲ, ಸ್ಕ್ರೀನ್ (ಕಾಯೋನಿಗೆ ಅಡ್ಡ ನಿಲ್ಲೋ ಜೊತೆಗಾರ) ಮೇಲೆ ಸ್ಕ್ರೀನ್ ಸುತ್ತಿ ಓಡಿ ಓಡಿ ಬಂದು ಕ್ಯಾಚ್ ಮಾಡಿ ಹಾಗೇ ಎಸೆಯೋದು. ಕೋಚ್ ಡ್ಯಾನ್ ಹರ್ಲಿಯ ಆಫೆನ್ಸ್ ನಿಂತಿರೋದೇ ಇದರ ಮೇಲೆ, ಆ ಓಟಗಾರ ಇಲ್ಲ ಅಂದ್ರೆ ಡಿಫೆನ್ಸ್ ಹಿಗ್ಗಲ್ಲ, ಹಿಗ್ಗಲ್ಲ ಅಂದ್ರೆ ಒಳಗೆ ದೊಡ್ಡವನಿಗೆ ಜಾಗ ಸಿಗಲ್ಲ. ಜಾಕ್ಸನ್ ಕೆಲಸ ಬೇರೆ, ಎದುರಾಳಿಯ ಒಳ್ಳೇ ಗಾರ್ಡನ್ನ ಅಂಟ್ಕೊಂಡು ಕಾಯೋದು, ರಿಬೌಂಡ್ (ಬುಟ್ಟಿಗೆ ಬೀಳದೇ ವಾಪಸ್ ಬಂದ ಚೆಂಡು) ಹಿಡಿದು ತಾನೇ ಓಡೋದು, 4.7 ಅಸಿಸ್ಟ್ (ಜೊತೆಗಾರ ಸ್ಕೋರ್ ಮಾಡೋ ಪಾಸ್) ಕೊಡೋದು. ಶೂಟಿಂಗ್ ಮಾತ್ರ ಕೇಳ್ಬೇಡಿ, ತ್ರೀಯಲ್ಲಿ ಸುಮಾರು 28 ಪರ್ಸೆಂಟು, ಎದುರು ಟೀಮಿನವರು ಇವನನ್ನ ಬಿಟ್ಟು ಬೇರೆಯವರನ್ನ ಕಾಯ್ತಿದ್ರು, ಆದ್ರೂ ಯುಕಾನ್ ಗೆಲ್ತಿತ್ತು. ಸನೋಗೊದು ಪೋಸ್ಟಲ್ಲಿ, ಅಂದ್ರೆ ಬುಟ್ಟಿ ಹತ್ರ, ಬೆನ್ನು ಕೊಟ್ಟು ಭುಜದಿಂದ ತಳ್ಳಿ ಸ್ಕೋರ್ ಮಾಡೋ ಕೆಲಸ.

ಉಳಿದವರು ಯಾರು? ಟ್ರಿಸ್ಟನ್ ನ್ಯೂಟನ್, ಪಾಯಿಂಟ್ ಗಾರ್ಡ್ (ಚೆಂಡು ಕೈಯಲ್ಲಿ ಇಟ್ಕೊಂಡು ಆಟ ನಡೆಸೋನು), ಈಸ್ಟ್ ಕ್ಯಾರೊಲಿನಾದಲ್ಲಿ ಮೂರು ವರ್ಷ ಆಡಿ ಬಂದವ್ನು. ಇವ್ನು ಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ಲೀಗಿನ ಟೀಮುಗಳು ಹೊಸಬರನ್ನ ಆರಿಸ್ಕೊಳೋ ಕಡೆ) ಹೆಸರು ಕೊಟ್ಟು ಟೆಸ್ಟ್ ಮಾಡ್ತಿದ್ದ, ವಾಪಸ್ ಬರೋ ಡೆಡ್‌ಲೈನು ಮೇ ಕೊನೆ ದಿನ. ಜಾಕ್ಸನ್ ಡ್ರಾಫ್ಟಲ್ಲೇ ಉಳ್ಕೊಂಡ, ನ್ಯೂಟನ್ ವಾಪಸ್ ಬಂದ. ಒಂದೇ ಗಳಿಗೆಯಲ್ಲಿ ಎರಡು ತೀರ್ಮಾನ, ಇಡೀ ಸೀಸನ್ ಊಹೆ ನಿಂತಿದ್ದೇ ಅದರ ಮೇಲೆ ಅಂದ್ರೂ ತಪ್ಪಿಲ್ಲ. ಆಮೇಲೆ ಅಲೆಕ್ಸ್ ಕರಬನ್, ಫಾರ್ವರ್ಡ್, ಮೊದಲ ವರ್ಷದಲ್ಲೇ 9.3 ಪಾಯಿಂಟ್, ತ್ರೀ 40 ಪರ್ಸೆಂಟು. 7 ಅಡಿ 2 ಇಂಚಿನ ಡೊನೊವನ್ ಕ್ಲಿಂಗನ್, ಸನೋಗೊ ಹಿಂದೆ ಬೆಂಚಿಂದ ಬರ್ತಿದ್ದವ್ನು. ಬೆಂಚಲ್ಲಿ ಹಸನ್ ಡಿಯಾರಾ, ಸ್ಯಾಮ್ಸನ್ ಜಾನ್ಸನ್. ಈ ಕೊನೇ ಇಬ್ಬರನ್ನ 2023ರ ಬೇಸಿಗೆಯಲ್ಲಿ ಲೆಕ್ಕಕ್ಕೆ ತಗೊಂಡವರು ಕಮ್ಮಿ, ಯಾಕಂದ್ರೆ ಜಾನ್ಸನ್‌ಗೆ ಹಿಂದಿನ ಸೀಸನ್ ಶುರುವಿನಲ್ಲೇ ಪಾದಕ್ಕೆ ಪೆಟ್ಟು ಬಿದ್ದು ಬಹಳ ಪಂದ್ಯ ತಪ್ಪಿದ್ವು, ಆ ಗ್ಯಾಪಲ್ಲೇ ಕರಬನ್ ಸ್ಟಾರ್ಟರ್ ಆಗಿ ಬೇರು ಬಿಟ್ಟಿದ್ದು. ಡಿಯಾರಾ ಪಂದ್ಯಕ್ಕೆ ಎರಡು ಪಾಯಿಂಟ್ ಆಸುಪಾಸು ಮಾಡ್ತಿದ್ದವ್ನು, ಅಷ್ಟೇ.

ಬಂದವರಲ್ಲಿ ದೊಡ್ಡ ಹೆಸರು ಸ್ಟೆಫಾನ್ ಕ್ಯಾಸಲ್, ಫೈವ್ ಸ್ಟಾರ್ ಗಾರ್ಡು, 6 ಅಡಿ 6 ಇಂಚು, ಜಾರ್ಜಿಯಾದ ಕವಿಂಗ್ಟನ್ ಅನ್ನೋ ಊರಿನ ನ್ಯೂಟನ್ ಹೈಸ್ಕೂಲ್ ಹುಡುಗ (ಟ್ರಿಸ್ಟನ್ ನ್ಯೂಟನ್‌ಗೂ ಆ ಸ್ಕೂಲ್‌ಗೂ ಏನೂ ಸಂಬಂಧ ಇಲ್ಲ, ಅವ್ನು ಟೆಕ್ಸಸ್‌ನವ್ನು). ಅವನ ಜೊತೆ ಸೊಲೊಮನ್ ಬಾಲ್, ಜೇಲಿನ್ ಸ್ಟುವರ್ಟ್, ಜೇಡನ್ ರಾಸ್, ಯೂಸುಫ್ ಸಿಂಗಾರೆ, ಎಲ್ಲಾ ಮೊದಲ ವರ್ಷದವರೇ. ಜೂನ್ ಮೊದಲಲ್ಲಿ ಕ್ಯಾಮ್ ಸ್ಪೆನ್ಸರ್ ಬಂದ. ಮೂರು ವರ್ಷ ಲೊಯೊಲಾ ಮೇರಿಲ್ಯಾಂಡ್ ಅನ್ನೋ ಚಿಕ್ಕ ಕಾಲೇಜು, ಒಂದು ವರ್ಷ ರಟ್ಗರ್ಸ್, ಅಲ್ಲಿ 13.2 ಪಾಯಿಂಟ್, ತ್ರೀ 43.4 ಪರ್ಸೆಂಟು. ಇವನ ಅಣ್ಣ ಪ್ಯಾಟ್ ಸ್ಪೆನ್ಸರ್ ಕಾಲೇಜಲ್ಲಿ ಲಕ್ರಾಸ್ ಆಟದ ದೊಡ್ಡ ಸ್ಟಾರು, ಆಮೇಲೆ ಬಾಸ್ಕೆಟ್‌ಬಾಲ್‌ಗೆ ಬಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತನಕ ಹೋದ, ಇಡೀ ಮನೆಯೇ ಹಾಗೆ ಹಠದ ಮನೆ.

ಸರಿ, ಈಗ ಕೆಲಸಕ್ಕೆ ಆಳು ಹುಡುಕೋಣ. ಮೊದಲನೇದು ಹಾಕಿನ್ಸ್ ಜಾಗ. ಇದು ಸುಲಭ. ಸ್ಪೆನ್ಸರ್ ಎತ್ತರಕ್ಕೆ ಹಾರಲ್ಲ, ಎನ್‌ಬಿಎ ಸ್ಕೌಟುಗಳು ಬೇಸಿಗೆಯಲ್ಲಿ ಅವನ ಹೆಸರು ಹಿಡ್ಕೊಂಡು ಓಡಾಡ್ತಿರಲಿಲ್ಲ, ಆದ್ರೆ ಕೆಲಸದ ವಿವರ ಓದಿದ್ರೆ ಅವನ ಬಯೋಡೇಟಾನೇ ಓದಿದ ಹಾಗಿದೆ. ಓಡ್ತಾನೆ, ಕ್ಯಾಚ್ ಮಾಡ್ತಾನೆ, ಹಾಕ್ತಾನೆ, ಜೊತೆಗೆ ಪಾಸೂ ಕೊಡ್ತಾನೆ. ಟ್ರಾನ್ಸ್‌ಫರ್ ಬಗ್ಗೆ ಸಾಮಾನ್ಯವಾಗಿ ಇರೋ ಭಯ ಏನು, ಚಿಕ್ಕ ಲೀಗಲ್ಲಿ ಮಾಡಿದ್ದು ದೊಡ್ಡ ಲೀಗಲ್ಲಿ ನಡಿಯಲ್ಲ ಅಂತ. ಸ್ಪೆನ್ಸರ್ ಆ ಪರೀಕ್ಷೆನ ಬಿಗ್ ಟೆನ್ ಅನ್ನೋ ದೊಡ್ಡ ಲೀಗಲ್ಲಿ ಒಂದು ವರ್ಷ ಮೊದಲೇ ಬರ್ದು ಪಾಸಾಗಿದ್ದ. ಹಾಗಾಗಿ ಇವನಿಗೆ 30 ನಿಮಿಷ ಬರೆಯೋಕೆ ಯೋಚನೆ ಮಾಡೋದೇ ಬೇಕಿರಲಿಲ್ಲ.

ಎರಡನೇದು ಜಾಕ್ಸನ್ ಜಾಗ, ಇಲ್ಲೇ ಸ್ವಲ್ಪ ತಲೆ ಓಡಿಸಬೇಕಾಗಿದ್ದು. ಕ್ಯಾಸಲ್ ಬರ್ತಿರೋದು ಪಾಯಿಂಟ್ ಗಾರ್ಡ್ ಅಂತ, ಹೈಸ್ಕೂಲಲ್ಲಿ ಬಾಲ್ ಅವನ ಕೈಯಲ್ಲೇ ಇರ್ತಿತ್ತು. ಆದ್ರೆ ಯುಕಾನ್‌ನಲ್ಲಿ ಪಾಯಿಂಟ್ ಗಾರ್ಡ್ ಕೆಲಸ ಖಾಲಿ ಇಲ್ಲ, ನ್ಯೂಟನ್ ಇದಾನೆ. ಖಾಲಿ ಇರೋದು ಜಾಕ್ಸನ್ ಕೆಲಸ. ಕ್ಯಾಸಲ್ ಎತ್ತರ ನೋಡಿ, ಜಾಕ್ಸನ್ ಎತ್ತರ ನೋಡಿ, ಎರಡೂ 6 ಅಡಿ 6. ಕೈ ಉದ್ದ, ಮೈಕಟ್ಟು, ಕಾಯೋ ತಾಕತ್ತು, ಎಲ್ಲಾ ಅಲ್ಲೇ ಕೂರುತ್ತೆ. ಹಾಗಾಗಿ ಆಗಬೇಕಿದ್ದ ಊಹೆ ಏನಂದ್ರೆ ಈ ಹುಡುಗ ಮೊದಲ ವರ್ಷ ಬಾಲ್ ಆಡಿಸೋ ರಾಜನಾಗಿ ಬರಲ್ಲ, ಎದುರಿನವರ ಬೆಸ್ಟ್ ಗಾರ್ಡನ್ನ ಕಟ್ಟಿ ಹಾಕೋ ಕೆಲಸದಲ್ಲಿ ಬರ್ತಾನೆ, 27-28 ನಿಮಿಷ ಆಡ್ತಾನೆ, ಸ್ಟಾರ್ ಹೆಸರಿಗೆ ತಕ್ಕ ಪಾಯಿಂಟ್ ಬರಲ್ಲ. ನಿಜವಾಗಿ ಆಗಿದ್ದೂ ಹಾಗೇ, 27 ನಿಮಿಷ, 11.1 ಪಾಯಿಂಟು, ತ್ರೀಯಲ್ಲಿ 26.7 ಪರ್ಸೆಂಟು. ಜಾಕ್ಸನ್ ಬಿಟ್ಟು ಹೋದ ಕೆಲಸನ ಅವನ ಶೂಟಿಂಗ್ ಕೊರತೆ ಸಮೇತ ತಗೊಂಡ ಅನ್ನಿ! ಎದುರಾಳಿಗಳು ಇವನನ್ನೂ ಹಾಗೇ ಬಿಟ್ಟು ನಿಂತ್ರು, ಹರ್ಲಿಗೆ ಹಿಂದಿನ ವರ್ಷದ ಉತ್ತರ ರೆಡಿ ಇತ್ತು, ಬಿಟ್ಟವನನ್ನೇ ಸ್ಕ್ರೀನ್ ಹಾಕೋಕೆ, ಕಟ್ ಮಾಡೋಕೆ ಬಳಸೋದು. ಒಂದು ಕೊರತೆ ಇಟ್ಕೊಂಡೇ ಕಪ್ ಗೆದ್ದ ಕೋಚ್‌ಗೆ ಅದೇ ಕೊರತೆ ಇನ್ನೊಂದು ವರ್ಷ ಸಹಿಸೋದು ಕಷ್ಟ ಅಲ್ಲ, ಇದು ಊಹೆ ಮಾಡೋರು ಗಮನಿಸಬೇಕಾದ ಸೂಕ್ಷ್ಮ.

ಮೂರನೇದು ಸೆಂಟರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕಂದ್ರೆ ಅಭಿಮಾನಿಗಳ ಲೆಕ್ಕ ಹಳಿ ತಪ್ಪೋದು ಇಂಥ ಕಡೆನೇ. ಕ್ಲಿಂಗನ್ ಮೊದಲ ವರ್ಷ 13.1 ನಿಮಿಷ ಆಡಿ 6.9 ಪಾಯಿಂಟ್, 5.6 ರಿಬೌಂಡ್, ಮೇಲೆ 1.8 ಬ್ಲಾಕು. ಹದಿಮೂರು ನಿಮಿಷಕ್ಕೆ ಇದು! ತಕ್ಷಣ ಕ್ಯಾಲ್ಕುಲೇಟರ್ ತೆಗೆದು 30 ನಿಮಿಷಕ್ಕೆ ಗುಣಿಸಿದ್ರೆ 15.8 ಪಾಯಿಂಟ್, 12-13 ರಿಬೌಂಡ್ ಬರುತ್ತೆ, ಆಲ್ ಅಮೆರಿಕನ್ (ದೇಶದ ಬೆಸ್ಟ್ ಆಟಗಾರರ ಪಟ್ಟಿ) ಅಂತ ಬರೆದುಬಿಡಬಹುದು. ಇದರಲ್ಲಿ ತಪ್ಪಿರೋದು ಗುಣಾಕಾರದಲ್ಲಿ ಅಲ್ಲ, 30 ಅನ್ನೋದ್ರಲ್ಲಿ.

ಹಿಂದಿನ ವರ್ಷ ನೋಡಿ, ಸನೋಗೊ 26-27, ಕ್ಲಿಂಗನ್ 13, ಕೂಡಿಸಿದ್ರೆ ಕರೆಕ್ಟಾಗಿ ನಲವತ್ತರ ಹತ್ರ. ಹರ್ಲಿ ಇಬ್ಬರು ದೊಡ್ಡವರನ್ನ ಒಟ್ಟಿಗೆ ಆಡಿಸೋದು ಅಪರೂಪ, ಸೆಂಟರ್ ಜಾಗದ 40 ನಿಮಿಷ ಅನ್ನೋದು ಒಂದು ಬೇರೆ ಡಬ್ಬಿ, ಅದರೊಳಗೆ ಇಬ್ಬರೇ. ಟೂರ್ನಿಯ ಬೆಸ್ಟ್ ಪ್ಲೇಯರ್ ಪ್ರಶಸ್ತಿ ತಗೊಂಡ ಸನೋಗೊನೇ 27 ದಾಟಿಲ್ಲ ಅಂದ್ಮೇಲೆ ಅವನಿಗಿಂತ ದೊಡ್ಡ ಮೈ ಇರೋ, ಜೋರಾಗಿ ಓಡಿದ್ರೆ ಏದುಸಿರು ಬಿಡೋ, ಬ್ಲಾಕ್‌ಗೆ ಹಾರಿ ಫೌಲ್ ತಗೊಳೋ ಎರಡನೇ ವರ್ಷದ ಹುಡುಗ 30 ಆಡ್ತಾನೆ ಅಂತ ಯಾವ ಧೈರ್ಯದಲ್ಲಿ ಬರೆಯೋದು? ಕಾಲೇಜಲ್ಲಿ ಐದು ಫೌಲ್‌ಗೆ ಔಟು, ಎನ್‌ಬಿಎ ಥರ ಆರು ಅಲ್ಲ. ಸೀಸನ್ ಮುಗಿದಾಗ ಕ್ಲಿಂಗನ್ ಲೆಕ್ಕ 22-23 ನಿಮಿಷ, 13 ಪಾಯಿಂಟ್, 7.4 ರಿಬೌಂಡ್, 2.5 ಬ್ಲಾಕ್. ನಿಮಿಷಕ್ಕೆ ಎಷ್ಟು ಅಂತ ಭಾಗಿಸಿ ನೋಡಿದ್ರೆ ಪಾಯಿಂಟ್ ಹಿಂದಿನ ವರ್ಷಕ್ಕಿಂತ ಒಂಚೂರು ಜಾಸ್ತಿನೇ. ಅಂದ್ರೆ ಅವನ ಆಟದ ಬಗ್ಗೆ ಕನಸು ಕಂಡವರು ಸರಿ, ಗಡಿಯಾರದ ಬಗ್ಗೆ ಕನಸು ಕಂಡವರು ತಪ್ಪು.

ಅದರಿಂದ ನೇರವಾಗಿ ಬರೋ ಇನ್ನೊಂದು ತೀರ್ಮಾನ ಇದೆ, ಅದನ್ನ ಯಾರೂ ಅಷ್ಟು ಜೋರಾಗಿ ಹೇಳ್ತಿರಲಿಲ್ಲ. ಕ್ಲಿಂಗನ್ 23 ಅಂದ್ರೆ ಉಳಿದ 17 ಯಾರದ್ದು? ಸಿಂಗಾರೆ ಇನ್ನೂ ಹಸಿ ಹುಡುಗ. ಹಾಗಾದ್ರೆ ಟೋಗೊ ದೇಶದಿಂದ ಬಂದ ಸ್ಯಾಮ್ಸನ್ ಜಾನ್ಸನ್ ಅನ್ನೋ, ಹಿಂದಿನ ವರ್ಷ ಆಡಿದ್ದೇ ಕಮ್ಮಿ ಇರೋ ಮನುಷ್ಯ ಚಾಂಪಿಯನ್ ಟೀಮಿನ ರೊಟೇಷನ್‌ನಲ್ಲಿ (ಪಂದ್ಯದಲ್ಲಿ ನಿಯಮಿತವಾಗಿ ಆಡೋರ ಗುಂಪು) ಪಕ್ಕಾ ಇರ್ಲೇಬೇಕು. ಅವನ ಅಂಕಿ ನೋಡಿದ್ರೆ ಈ ಮಾತು ಬರಲ್ಲ, ಖಾಲಿ ಜಾಗ ನೋಡಿದ್ರೆ ಬೇರೆ ದಾರಿನೇ ಇಲ್ಲ. ಡಿಸೆಂಬರ್ 20ಕ್ಕೆ ಸೀಟನ್ ಹಾಲ್ ಹತ್ರ 75-60ಕ್ಕೆ ಸೋತ ಪಂದ್ಯದಲ್ಲಿ ಕ್ಲಿಂಗನ್ ಪಾದಕ್ಕೆ ಪೆಟ್ಟಾಯ್ತು, ಐದು ಪಂದ್ಯ ಹೊರಗೆ. ಜಾನ್ಸನ್ ಸ್ಟಾರ್ಟ್ ಮಾಡಿದ, ಐದೂ ಗೆದ್ರು.

ನ್ಯೂಟನ್ ಮತ್ತು ಕರಬನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಇಬ್ಬರಿಗೂ ನಿಮಿಷ ಜಾಸ್ತಿ ಆಗುತ್ತೆ ಅಂತ ಯಾರು ಬೇಕಾದ್ರೂ ಹೇಳ್ತಿದ್ರು. ನ್ಯೂಟನ್ 33ಕ್ಕೆ ಹೋದ, ಕರಬನ್ 30 ದಾಟಿದ. ನ್ಯೂಟನ್ ಇಷ್ಟು ಮೇಲೆ ಹೋಗ್ತಾನೆ, ಕನ್ಸೆನ್ಸಸ್ ಫಸ್ಟ್ ಟೀಮ್ ಆಲ್ ಅಮೆರಿಕನ್ ಆಗ್ತಾನೆ ಅಂತ ಹೇಳಿದವರು ಇದ್ರೆ ಅವರಿಗೆ ದೊಡ್ಡ ನಮಸ್ಕಾರ, ನನಗಂತೂ ಜೂನ್ ಮಾಹಿತಿಯಲ್ಲಿ ಅದು ಕಾಣಲ್ಲ. 10.1ರಿಂದ 15.1 ಪಾಯಿಂಟ್, 6.6 ರಿಬೌಂಡ್, 6.2 ಅಸಿಸ್ಟು.

ಈಗ ಆ 40.1ಕ್ಕೆ ವಾಪಸ್ ಬರೋಣ. ಸ್ಪೆನ್ಸರ್ ತಂದಿದ್ದು 14.3, ಕ್ಯಾಸಲ್ 11.1, ಸೇರಿ 25.4. ಉಳಿದವರಲ್ಲಿ ನ್ಯೂಟನ್ 5 ಪಾಯಿಂಟ್ ಮೇಲೆ ಹೋದ, ಕರಬನ್ 9.3ರಿಂದ 13.3 ಅಂದ್ರೆ 4, ಕ್ಲಿಂಗನ್ 6.9ರಿಂದ 13 ಅಂದ್ರೆ 6.1, ಸೇರಿ 15.1. ಒಟ್ಟು 40.5. ಹೋಗಿದ್ದು 40.1, ಬಂದಿದ್ದು 40.5! ಗಾಯದ ಪಂದ್ಯಗಳನ್ನ ಬಿಟ್ಟು ಸರಾಸರಿ ತೆಗೆದಿರೋದ್ರಿಂದ ಇದನ್ನ ಗಣಿತದ ಪ್ರಮೇಯ ಅಂತ ಹಿಡ್ಕೊಬೇಡಿ, ಸ್ವಲ್ಪ ಕಾಕತಾಳೀಯ ಇದ್ದೇ ಇದೆ. ಆದ್ರೆ ಪ್ರಮಾಣ ನೋಡಿ, ಹೆಚ್ಚುಕಮ್ಮಿ ಐದರಲ್ಲಿ ಮೂರು ಪಾಲು ಹೊಸಬರಿಂದ, ಎರಡು ಪಾಲು ಹಳಬರು ಬೆಳೆದಿದ್ರಿಂದ. ಯಾರು ಬಂದ್ರು ಅಂತ ಮಾತ್ರ ನೋಡಿದ ಜನ ಆ ಎರಡು ಪಾಲನ್ನ ಬಿಟ್ಟೇ ಲೆಕ್ಕ ಹಾಕಿದ್ರು ಅನ್ಸುತ್ತೆ. ಸೀಸನ್ ಮುಂಚಿನ ಎಪಿ ಪೋಲ್‌ನಲ್ಲಿ (ಪತ್ರಕರ್ತರ ವೋಟಿನ ರ್ಯಾಂಕಿಂಗ್) ಹಾಲಿ ಚಾಂಪಿಯನ್ ಯುಕಾನ್ ಆರನೇ ಸ್ಥಾನ, ಒಂದನೇದು ಕ್ಯಾನ್ಸಸ್, ಯುಕಾನ್ ಆಡೋ ಅದೇ ಬಿಗ್ ಈಸ್ಟ್ ಲೀಗಿನ ಮಾರ್ಕೆಟ್ (Marquette) ಯೂನಿವರ್ಸಿಟಿ ಐದರಲ್ಲಿ, ಇವರಿಗಿಂತ ಮೇಲೆ. ಮಾರ್ಕೆಟ್‌ನವರು ಹೆಚ್ಚುಕಮ್ಮಿ ಪೂರ್ತಿ ಟೀಮ್ ಉಳಿಸ್ಕೊಂಡಿದ್ರು, ಅದಕ್ಕೆ. ವೋಟ್ ಹಾಕಿದವರನ್ನ ಬೈಯೋಕಾಗಲ್ಲ ಬಿಡಿ, ಉಳಿದವರ ಸಂಖ್ಯೆ ಜಾಸ್ತಿ ಇರೋ ಟೀಮಿಗೆ ಮೇಲಿನ ಜಾಗ ಕೊಡೋದು ಬಹಳ ಸಲ ಸರಿಯಾಗೇ ಇರುತ್ತೆ.

ಬೆಂಚು. ಊಹೆ ಮಾಡೋಕೆ ಅತೀ ಕಷ್ಟದ ಭಾಗ ಇದೇ, ಇಲ್ಲಿ ಯಾರ ವಿಧಾನನೂ ಪೂರ್ತಿ ನಡಿಯಲ್ಲ. ಸ್ಟಾರ್ಟರ್ ಐದು ಜನ ಸುಮಾರು 145 ನಿಮಿಷ ತಿಂದ್ರೆ ಉಳಿಯೋದು 55. ಅದರಲ್ಲಿ ಜಾನ್ಸನ್ 16-17 ಅಂದ್ರೆ ಮಿಕ್ಕಿದ್ದು 38-39, ಇದಕ್ಕೆ ಡಿಯಾರಾ, ಬಾಲ್, ಸ್ಟುವರ್ಟ್, ರಾಸ್ ನಾಲ್ಕು ಜನ ಕ್ಯೂ. ಹೈಸ್ಕೂಲ್ ರ್ಯಾಂಕಿಂಗ್ ಹಿಡ್ಕೊಂಡು ಹೋದ್ರೆ ಬಾಲ್ ಮೊದಲು, ಸ್ಟುವರ್ಟ್ ಆಮೇಲೆ, ಡಿಯಾರಾ ಕೊನೆಗೆ. ಹರ್ಲಿಯ ಅಭ್ಯಾಸ ಹಿಡ್ಕೊಂಡು ಹೋದ್ರೆ ಉಲ್ಟಾ. ಅವನ ಆಫೆನ್ಸಲ್ಲಿ ಸೆಟ್ ಪ್ಲೇಗಳು ರಾಶಿ ರಾಶಿ, ಒಬ್ಬ ತಪ್ಪು ಜಾಗಕ್ಕೆ ಓಡಿದ್ರೆ ಉಳಿದ ನಾಲ್ಕು ಜನರ ಓಟ ವ್ಯರ್ಥ. ಡಿಫೆನ್ಸಲ್ಲಿ ತಪ್ಪು ಮಾಡಿದ್ರೆ ಅವನು ಸೈಡ್‌ಲೈನಲ್ಲಿ ಕುಣಿಯೋದು ನೋಡಿದವರಿಗೆ ಗೊತ್ತು, ಹೊಸ ಹುಡುಗನಿಗೆ ಎರಡು ತಪ್ಪು ಮಾಡೋ ಸಾಲ ಸಿಗಲ್ಲ ಅಲ್ಲಿ. ಡಿಯಾರಾಗೆ ಸಿಸ್ಟಮ್ ಗೊತ್ತು, ಚೆಂಡು ಹಿಡಿದವನ ಮೇಲೆ ಅಂಗಳದ ಉದ್ದಕ್ಕೂ ಒತ್ತಡ ಹಾಕ್ತಾನೆ, ಅವನ ಅಣ್ಣ ಮಾಮಾಡು ಅದೇ ಕಾಲೇಜಲ್ಲಿ ಆಡಿದವ್ನು, ಆಮೇಲೆ ಸ್ಟಾಫ್‌ನಲ್ಲೂ ಇದ್ದವ್ನು. ಕೊನೆಗೆ ಎರಡು ಪಾಯಿಂಟಿನ ಈ ಡಿಯಾರಾ 6.1 ಪಾಯಿಂಟ್ ಮಾಡಿ ಬಿಗ್ ಈಸ್ಟ್‌ನ ಸಿಕ್ಸ್ತ್ ಮ್ಯಾನ್ (ಬೆಂಚಿಂದ ಬರೋರಲ್ಲಿ ಬೆಸ್ಟ್) ಪ್ರಶಸ್ತಿ ತಗೊಂಡ.

ಬಾಲ್ ಕಥೆ ಬೇರೆ ಥರ. ಸೀಸನ್ ಎರಡನೇ ಪಂದ್ಯದಲ್ಲೇ ಕ್ಯಾಸಲ್‌ಗೆ ಮೊಣಕಾಲು ನೋವಾಗಿ ಆರು ಪಂದ್ಯ ತಪ್ಪಿದ್ವು, ಆ ಜಾಗಕ್ಕೆ ಬಾಲ್ ಸ್ಟಾರ್ಟ್ ಮಾಡಿದ. ನವೆಂಬರಲ್ಲಿ ಯಾರಾದ್ರೂ ಲೈನಪ್ ನೋಡಿ ಓಹೋ ನಮ್ಮ ಊಹೆ ತಪ್ಪಾಯ್ತು, ಬಾಲ್ ಸ್ಟಾರ್ಟರ್ ಅಂತ ಬದಲಾಯಿಸಿದ್ರೆ ಅವರು ಮಾರ್ಚಲ್ಲಿ ಮತ್ತೆ ಬದಲಾಯಿಸಬೇಕಿತ್ತು, ಯಾಕಂದ್ರೆ ಟೂರ್ನಿ ಹೊತ್ತಿಗೆ ಎಂಟನೇ ಮನುಷ್ಯ ಸ್ಟುವರ್ಟ್, ಬಾಲ್ ನಿಮಿಷ ಕರಗಿತ್ತು, ವರ್ಷದ ಸರಾಸರಿ 3.3 ಪಾಯಿಂಟ್. ಸ್ಟುವರ್ಟ್ ಫಾರ್ವರ್ಡ್, ಕರಬನ್‌ಗೆ ಉಸಿರಾಡೋಕೆ ಬಿಡಬೇಕಾದ್ರೆ ಆ ಸೈಜಿನವನೇ ಬೇಕು. ಗಾರ್ಡ್‌ಗಳಲ್ಲಿ ನ್ಯೂಟನ್, ಸ್ಪೆನ್ಸರ್, ಕ್ಯಾಸಲ್, ಡಿಯಾರಾ ನಾಲ್ಕು ಜನ ಆಗ್ಲೇ ತುಂಬ್ಕೊಂಡಿದ್ರು. ಇಲ್ಲೂ ಅದೇ ಮಾತು, ಬಾಲ್ ಸ್ಟುವರ್ಟ್‌ಗಿಂತ ಕೆಟ್ಟ ಆಟಗಾರ ಅಂತ ಅಲ್ಲ, ಅವನ ಕೆಲಸ ಖಾಲಿ ಇರಲಿಲ್ಲ.

ಇನ್ನೊಂದು ವಿಷಯ, ರೊಟೇಷನ್ ಅನ್ನೋದು ಒಂದಲ್ಲ, ಎರಡು. ನವೆಂಬರ್ ರೊಟೇಷನ್ ಹತ್ತು ಜನರದ್ದು, ಚಿಕ್ಕ ಟೀಮುಗಳ ಜೊತೆ 40 ಪಾಯಿಂಟ್ ಲೀಡ್ ಇದ್ದಾಗ ಎಲ್ರೂ ಆಡ್ತಾರೆ. ಮಾರ್ಚ್ ರೊಟೇಷನ್ ಎಂಟು. ಸೀಸನ್ ಸರಾಸರಿ ನಿಮಿಷ ಇವೆರಡನ್ನೂ ಕಲಸಿ ಕೊಡೋ ಸಾಂಬಾರು ಥರದ ನಂಬರು, ಅದನ್ನ ನೋಡಿ ಒಂಬತ್ತನೇ ಆಟಗಾರನಿಗೆ 11 ನಿಮಿಷ ಇದೆ ಅಂದ್ಕೊಂಡ್ರೆ ದೊಡ್ಡ ಪಂದ್ಯದಲ್ಲಿ ಅವನು ಮೂರು ನಿಮಿಷನೂ ಕಾಣ್ಸಲ್ಲ. ಊಹೆ ಬರೆಯೋವಾಗ ಎರಡು ಕಾಲಮ್ ಹಾಕಬೇಕು ಅನ್ನೋದು ನನ್ನ ಹಠ.

ಏಪ್ರಿಲ್ 8, 2024ರ ಫೈನಲ್, ಅರಿಝೋನಾದ ಗ್ಲೆಂಡೇಲ್, ನಮ್ಮಲ್ಲಿ ಮಾರನೇ ದಿನ ಬೆಳಗ್ಗೆ ಕಾಫಿ ಹೊತ್ತು. ಎದುರಿಗೆ ಪರ್ಡ್ಯೂ, 7 ಅಡಿ 4 ಇಂಚಿನ ಜಾಕ್ ಈಡಿ. ಈಡಿ 37 ಪಾಯಿಂಟ್ ಹೊಡೆದ, ಆದ್ರೂ ಯುಕಾನ್ 75-60. ಅಂಗಳಕ್ಕೆ ಮೊದಲು ಇಳಿದವರು ನ್ಯೂಟನ್, ಸ್ಪೆನ್ಸರ್, ಕ್ಯಾಸಲ್, ಕರಬನ್, ಕ್ಲಿಂಗನ್; ಬೆಂಚಿಂದ ಡಿಯಾರಾ, ಜಾನ್ಸನ್, ಸ್ಟುವರ್ಟ್. ನ್ಯೂಟನ್ 20 ಪಾಯಿಂಟ್, 7 ಅಸಿಸ್ಟ್ ಕೊಟ್ಟು ಬೆಸ್ಟ್ ಪ್ಲೇಯರ್. ಈಡಿ ಮೈಮೇಲೆ ಬಿದ್ದು ಕ್ಲಿಂಗನ್ ಸುಸ್ತಾದಾಗ್ಲೆಲ್ಲ ಜಾನ್ಸನ್ ಬರೋದು, ಅದೇ 40 ನಿಮಿಷದ ಡಬ್ಬಿ. ಸ್ಟಾರ್ಟಿಂಗ್ ಫೈವ್ ಅನ್ನಂತೂ ಜೂನ್ 2023ರಲ್ಲೇ ಬರೆಯಬಹುದಿತ್ತು, ಆರನೇ ಮತ್ತು ಏಳನೇಯವರನ್ನೂ ಸ್ವಲ್ಪ ಯೋಚಿಸಿದ್ರೆ ಬರೆಯಬಹುದಿತ್ತು, ಎಂಟನೇಯವನು ಮಾತ್ರ ನಾಣ್ಯ ಚಿಮ್ಮಿದ ಹಾಗೆ.

ಒಂದೇ ಪ್ರಕರಣದಲ್ಲಿ ವಿಧಾನ ಸರಿ ಬಂತು ಅಂತ ಹಿಗ್ಗೋದು ಬೇಡ, ಮಾರನೇ ವರ್ಷಕ್ಕೂ ಇದನ್ನೇ ಹಾಕಿ ನೋಡೋಣ. 2024ರ ಡ್ರಾಫ್ಟಲ್ಲಿ ಕ್ಯಾಸಲ್ ನಾಲ್ಕನೇ ಪಿಕ್, ಕ್ಲಿಂಗನ್ ಏಳನೇದು, ನ್ಯೂಟನ್ 49, ಸ್ಪೆನ್ಸರ್ 53. ಅಂದ್ರೆ ಐವರಲ್ಲಿ ನಾಲ್ಕು ಜನ ಹೋದ್ರು, ಕರಬನ್ ಒಬ್ಬ ಡ್ರಾಫ್ಟಿಂದ ಹೆಸರು ವಾಪಸ್ ತಗೊಂಡು ಬಂದ. ಮಧ್ಯದಲ್ಲಿ ಕೋಚ್ ಹರ್ಲಿನೇ ಲೇಕರ್ಸ್‌ಗೆ ಹೋಗ್ತಾನೆ ಅಂತ ಗುಲ್ಲೆದ್ದು, ಜೂನ್‌ನಲ್ಲಿ ಅವ್ನು ಆರು ವರ್ಷದ 7 ಕೋಟಿ ಡಾಲರ್ ಆಫರ್ ಬೇಡ ಅಂದ. ಬಂದವರು ಸೇಂಟ್ ಮೇರೀಸ್‌ನಿಂದ ಗಾರ್ಡ್ ಏಡನ್ ಮಹೇನಿ, ಮಿಶಿಗನ್‌ನಿಂದ ಸೆಂಟರ್ ಟಾರಿಸ್ ರೀಡ್, ಹೈಸ್ಕೂಲಿಂದ ಲಿಯಾಮ್ ಮೆಕ್‌ನೀಲಿ.

ಸೆಂಟರ್ ಡಬ್ಬಿ ಇಲ್ಲೂ ಹಾಗೇ ನಡೀತು, ಜಾನ್ಸನ್ ಸ್ಟಾರ್ಟರು, ರೀಡ್ ಬೆಂಚು, ನಿಮಿಷ ಹೆಚ್ಚುಕಮ್ಮಿ ಅರ್ಧರ್ಧ. ಸ್ಪೆನ್ಸರ್ ಬಿಟ್ಟು ಹೋದ ಓಡಿ ಶೂಟ್ ಮಾಡೋ ಕೆಲಸಕ್ಕೆ ಆ ಸಿಸ್ಟಮಲ್ಲಿ ಒಂದು ವರ್ಷ ಬೆಂದಿದ್ದ ಬಾಲ್ ಬಂದ, 3.3ರಿಂದ 14.4ಕ್ಕೆ ಹಾರಿದ, ತ್ರೀ 41 ಪರ್ಸೆಂಟು. ಮೆಕ್‌ನೀಲಿ 14.5 ಪಾಯಿಂಟ್ ಮಾಡಿ ಬಿಗ್ ಈಸ್ಟ್ ಫ್ರೆಶ್‌ಮನ್ ಆಫ್ ದ ಇಯರ್ ಆದ, ಪಾದದ ಗಂಟು ತಿರುಗಿ ಎಂಟು ಪಂದ್ಯ ತಪ್ಪಿಸ್ಕೊಂಡೂ.

ಕೈಕೊಟ್ಟಿದ್ದು ಪಾಯಿಂಟ್ ಗಾರ್ಡ್ ಜಾಗ. ಖಾಲಿ ಕೆಲಸ ನ್ಯೂಟನ್‌ದು, ಬಂದವ್ನು ಸೇಂಟ್ ಮೇರೀಸ್‌ನಲ್ಲಿ 13.9 ಪಾಯಿಂಟ್ ಮಾಡ್ತಿದ್ದ ಮಹೇನಿ, ಪೇಪರ್ ಮೇಲೆ ಸ್ಪೆನ್ಸರ್ ಕಥೆಯ ಎರಡನೇ ಭಾಗ ಇದ್ದ ಹಾಗೆ. ಆದ್ರೆ ಸ್ಪೆನ್ಸರ್‌ಗೆ ಚೆಂಡು ಕೈಯಲ್ಲಿ ಬೇಕಿರಲಿಲ್ಲ, ಮಹೇನಿಗೆ ಬೇಕಿತ್ತು. ಸೇಂಟ್ ಮೇರೀಸ್ ನಿಧಾನದ ಟೀಮು, ಅವನು ನಿಧಾನವಾಗಿ ಸ್ಕ್ರೀನ್ ಬಳಸಿ ತನ್ನ ಶಾಟ್ ಹುಡುಕ್ತಿದ್ದ, ಯುಕಾನ್‌ನಲ್ಲಿ ಗಾರ್ಡ್ ಮೊದಲು ಎದುರಿನವನನ್ನ ಕಾಯಬೇಕು, ಆಮೇಲೆ ಚೆಂಡು ಬಿಟ್ಟು ಓಡಬೇಕು. ಮಹೇನಿ ಐದು ಪಾಯಿಂಟಿಗಿಂತ ಕೆಳಗೆ ಉಳಿದ, ವರ್ಷ ಮುಗಿದ್ಮೇಲೆ ಬೇರೆ ಕಡೆ ಹೋದ. ಸ್ಟಾರ್ಟ್ ಮಾಡಿದ್ದು ಯಾರು? ಅದೇ ಡಿಯಾರಾ. ಇದನ್ನ ವಿಧಾನದ ಸೋಲು ಅನ್ನಬಹುದು, ಅಥವಾ ನ್ಯೂಟನ್ ಕೆಲಸ ಏನು ಅಂತ ಸರಿಯಾಗಿ ಬಿಡಿಸಿ ಬರೆದ್ರೆ, 33 ನಿಮಿಷ, ಆರು ರಿಬೌಂಡ್, ಆರು ಅಸಿಸ್ಟ್, ದೊಡ್ಡ ಮೈಯ ಗಾರ್ಡ್ ಅಂತ, ಮಹೇನಿ ಹೆಸರು ಅಲ್ಲಿ ಕೂರ್ತಾನೇ ಇರಲಿಲ್ಲ ಅಂತಾನೂ ಅನ್ನಬಹುದು. ನಾನು ಎರಡನೇದರ ಕಡೆ. ಆ ವರ್ಷ ಆ ಕೆಲಸಕ್ಕೆ ಟೀಮಲ್ಲಿ ಯಾರೂ ಇರಲಿಲ್ಲ, ಇದ್ದವರಲ್ಲಿ ಹತ್ತಿರದವನು ಡಿಯಾರಾ.

ಸೀಸನ್ ಮುಂಚಿನ ಪೋಲಲ್ಲಿ ಮೂರನೇ ಸ್ಥಾನದಲ್ಲಿದ್ದ ಆ ಟೀಮು ನವೆಂಬರಲ್ಲಿ ಹವಾಯಿಯ ಮಾವಿ ಟೂರ್ನಿಯಲ್ಲಿ ಮೂರಕ್ಕೆ ಮೂರೂ ಸೋತು, 24-11ಕ್ಕೆ ಬಂದು ನಿಂತು, ಮಾರ್ಚ್ 2025ರಲ್ಲಿ ಎರಡನೇ ಸುತ್ತಲ್ಲಿ ಫ್ಲೋರಿಡಾ ಹತ್ರ 77-75ಕ್ಕೆ ಔಟಾಯ್ತು. ಎರಡೇ ಪಾಯಿಂಟು, ಅದೂ ಆ ವರ್ಷ ಕಪ್ ಗೆದ್ದ ಟೀಮಿನ ಎದುರು.